ಐದು ‘ಎಂ’, ಐದು ಐನ್‌ಮನೆ

2010ರ ಅಕ್ಟೋಬರ್ 12ರಂದು ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮಹಿಳೆಯರ 4×400 ಮೀಟರ್ ರಿಲೇ ಚಿನ್ನ ನಮ್ಮದಾಯಿತು. ಮನ್‌ಜೀತ್ ಕೌರ್, ಸಿನಿ ಜೋಸ್, ಮನ್‌ದೀಪ್ ಕೌರ್ ಅವರ ಜೊತೆ ಓಡಿದವರು ಕುಂದಾಪುರ ಕಡೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ. ಎರಡು ದಿನ ಕಳೆದು 14ರಂದು ಬ್ಯಾಡ್ಮಿಂಟನ್ ಡಬಲ್ಸ್ ಫೈನಲ್‌ನಲ್ಲಿ ಜ್ವಾಲಾ ಗುಟ್ಟಾ ಜೊತೆಗೂಡಿ ಸಿಂಗಪುರದ ಜೋಡಿಯನ್ನು ಸೋಲಿಸಿದವರು ಅಶ್ವಿನಿ ಪೊನ್ನಪ್ಪ. ಮಾರನೆಯ ದಿನ ಕೊಡಗಿನ ಗೋಣಿಕೊಪ್ಪದ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತಿದ್ದ ಹಿರಿಯರೊಬ್ಬರು ಪೇಪರ್ ಮಡಚಿಟ್ಟು, “ನೋಡಿದ್ರಾ ಮಾಷ್ಟ್ರೇ, ನಮ್ಮ ಅಶ್ವಿನಿ ಮೊನ್ನೆ ಓಡಿ ಗೆದ್ದಳು, ನಿನ್ನೆ ಶಟಲ್ ಆಡಿ ಗೆದ್ದಳು! ಈ ವಯಸ್ಸಿನಲ್ಲೂ ಬಿಡ್ಲಿಲ್ಲ ನೋಡಿ” ಎಂದರು. ಅವರ ತಲೆಯಲ್ಲಿದ್ದದ್ದು ಮೂರನೆಯ ಅಶ್ವಿನಿ. 1988ರಲ್ಲಿ ಅರ್ಜುನ ಪ್ರಶಸ್ತಿ ಪಡೆದ, ಪಿ.ಟಿ. ಉಷಾ ಅವರನ್ನೇ ಹಿಂದಿಕ್ಕಿದ, ಆಮೇಲೆ ತೆಲುಗು ಸಿನಿಮಾದಲ್ಲೂ ನಟಿಸಿದ ಅಶ್ವಿನಿ ನಾಚಪ್ಪ. ಗೋಣಿಕೊಪ್ಪದ ಬಳಿ ಅವರ ಶಾಲೆ ಇರುವುದರಿಂದ ಇಲ್ಲಿಯವರಿಗೆ ಅಶ್ವಿನಿ ಎಂದರೆ ಮೊದಲು ನೆನಪಾಗುವುದು ಅವರೇ.

ನಾನು ದೈಹಿಕ ಶಿಕ್ಷಣ ಮಾಷ್ಟ್ರಾಗಿ ನಿವೃತ್ತನಾದವನು. ಬೇಸಿಗೆಯಲ್ಲಿ ಹಾಕಿ ನಮ್ಮೆ, ಅಂದರೆ ಕೊಡವ ಕುಟುಂಬಗಳ ಹಾಕಿ ಹಬ್ಬ, ಬಂದಾಗ ಮೈಕು ಹಿಡಿಯುವ ಹುಚ್ಚು ಇನ್ನೂ ಬಿಟ್ಟಿಲ್ಲ. ಗೋಲು ಹೊಡೆದವರು ಯಾರೆಂದು ಕ್ಷಣದಲ್ಲಿ ಹೇಳಬೇಕಾದ ಕೆಲಸ ಅದು. ಹಾಗಾಗಿ ಹೆಸರಿನ ವಿಚಾರದಲ್ಲಿ ನನ್ನದು ಸ್ವಲ್ಪ ಹಟ. ಆ ಹಿರಿಯರು ಮೂವರು ಅಶ್ವಿನಿಯರನ್ನು ಒಂದೇ ಮಾಡಿದ್ದು ನಗುವ ಮಾತಾಯಿತು. ಆದರೆ ಕೊಡಗಿನಲ್ಲಿ ಹೆಸರು ಒಂದಕ್ಕೊಂದು ತಾಗುವುದು ಇಂದಿನ ಸಮಸ್ಯೆಯಲ್ಲ. ಅದಕ್ಕೆ ನಮ್ಮ ಹಿರಿಯರು ಎಂದೋ ಒಂದು ದಾರಿ ಮಾಡಿಟ್ಟಿದ್ದರು.

ಕೊಡವರು ಮೊದಲೇ ಸಣ್ಣ ಜನಾಂಗ. ಹೆಸರುಗಳೂ ಕೆಲವೇ. ಗಂಡಸರಿಗೆ ಪೊನ್ನಪ್ಪ, ಉತ್ತಪ್ಪ, ಬೋಪಣ್ಣ, ಪೂವಯ್ಯ, ಸೋಮಯ್ಯ, ಮುತ್ತಣ್ಣ. ಹೆಂಗಸರಿಗೆ ಪೂವಮ್ಮ, ಕಾವೇರಮ್ಮ, ಮುತ್ತವ್ವ. ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು ಹಾರಿಸಿ, ಹರಳುಗಿಡದ ಕಡ್ಡಿಯ ಪುಟ್ಟ ಬಿಲ್ಲನ್ನು ಕೂಸಿನ ಕೈಗೆ ಮುಟ್ಟಿಸುವುದು ಹಳೆಯ ಕ್ರಮ. ತೊಟ್ಟಿಲಿಗೆ ಹಾಕುವ ದಿನ ಅಜ್ಜನ ಹೆಸರೋ ಮುತ್ತಜ್ಜನ ಹೆಸರೋ ಮಗುವಿಗೆ ಬರುತ್ತದೆ. ಹೀಗೆ ಹಿಂದಿನವರ ಹೆಸರೇ ಮುಂದಿನವರಿಗೆ ಸುತ್ತಿ ಬಂದರೆ ಒಂದೇ ಊರಿನಲ್ಲಿ ನಾಲ್ಕು ಪೊನ್ನಪ್ಪಂದಿರು ಇರುವುದು ಸಹಜ. ಗೊಂದಲ ತಪ್ಪಿಸುವುದು ಮನೆತನದ ಹೆಸರು. ಮೊದಲು ಒಕ್ಕದ ಹೆಸರು, ನಡುವೆ ಅಪ್ಪನದು, ಕೊನೆಗೆ ತನ್ನದು. ಒಕ್ಕ ಎಂದರೆ ಒಬ್ಬ ಮೂಲಪುರುಷನ ಗಂಡು ಸಂತತಿಯ ಕುಟುಂಬ. ಅದರ ಮೂಲಮನೆ ಐನ್‌ಮನೆ. ಕೊಡವರಿಬ್ಬರು ಹೊಸದಾಗಿ ಭೇಟಿಯಾದರೆ ಇವತ್ತಿಗೂ ಮೊದಲು ಬರುವ ಪ್ರಶ್ನೆ ಯಾವ ಒಕ್ಕ ಎಂಬುದೇ. ಹೆಸರು ಆಮೇಲೆ.

1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿತು. ಶಾಲೆ, ಕಚೇರಿ, ಸೈನ್ಯದ ದಾಖಲೆಗಳಲ್ಲಿ ಇಂಗ್ಲಿಷ್ ಬರಹ ನೆಲೆಯೂರುತ್ತ ಹೋದಂತೆ ಒಕ್ಕದ ಹೆಸರು ಕುಗ್ಗಿ ಒಂದಕ್ಷರವಾಯಿತು. ಅಪ್ಪನ ಹೆಸರೂ ಇನ್ನೊಂದಕ್ಷರಕ್ಕೆ ಇಳಿಯಿತು. ಅದೇ ಸೈನ್ಯ, ಅದೇ ಶಾಲೆಗಳ ಮೂಲಕ ನಮ್ಮವರ ಕೈಗೆ ಹಾಕಿ ಕೋಲೂ ಬಂತು. ಹೀಗಾಗಿ ಕೊಡಗಿನ ಆಟಗಾರರು ದೇಶದ ತಂಡಕ್ಕೆ ಹೋಗುವ ಹೊತ್ತಿಗೆ ಇನಿಷಿಯಲ್ ಹೊತ್ತುಕೊಂಡೇ ಹೋದರು.

ಆ ಒಂದಕ್ಷರ ಏನೇನನ್ನು ನುಂಗಿದೆ ಎಂದು ನೋಡಿ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದು, ಮರುವರ್ಷದ ವಿಶ್ವಕಪ್‌ನಲ್ಲಿ ಭಾರತವನ್ನು ಫೈನಲ್‌ವರೆಗೆ ಕೊಂಡೊಯ್ದ ನಾಯಕ ಎಂ.ಪಿ. ಗಣೇಶ್. ಆ ‘ಎಂ’ ಮೊಳ್ಳೇರ. 1980ರ ಮಾಸ್ಕೋ ಒಲಿಂಪಿಕ್ಸ್ ಚಿನ್ನದ ತಂಡದಲ್ಲಿದ್ದು, 1988ರ ಸೋಲ್‌ನಲ್ಲಿ ನಾಯಕನಾದ ಎಂ.ಎಂ. ಸೋಮಯ್ಯ. ಅಲ್ಲಿಯ ಮೊದಲ ‘ಎಂ’ ಮನೆಯಪಂಡ. 2014 ಮತ್ತು 2018ರ ಏಷ್ಯನ್ ಕ್ರೀಡಾಕೂಟಗಳ ರಿಲೇಯಲ್ಲಿ ಚಿನ್ನ ತಂದ ಎಂ.ಆರ್. ಪೂವಮ್ಮ ಅವರದು ಮಾಚೆಟ್ಟಿರ. 2024ರಲ್ಲಿ 43ರ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು, ಡಬಲ್ಸ್ ಶ್ರೇಯಾಂಕದಲ್ಲಿ ಜಗತ್ತಿನ ನಂಬರ್ ಒನ್ ಆದ ರೋಹನ್ ಬೋಪಣ್ಣ ಅವರದು ಮಚ್ಚಂಡ. ದೆಹಲಿಯಲ್ಲಿ ಗೆದ್ದು, 2011ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲೂ ಜ್ವಾಲಾ ಜೊತೆ ಕಂಚು ಪಡೆದ ಅಶ್ವಿನಿ ಪೊನ್ನಪ್ಪ ಅವರದು ಮಾಚಿಮಂಡ. ಹಾಕಿ, ಓಟ, ಟೆನಿಸ್, ಬ್ಯಾಡ್ಮಿಂಟನ್. ಐದು ‘ಎಂ’, ಐದು ಬೇರೆ ಬೇರೆ ಐನ್‌ಮನೆ. ಹೊರಗಿನವರಿಗೆ ಅವರೆಲ್ಲ ಒಂದೇ ಮನೆಯವರಂತೆ ಕಂಡರೆ ತಪ್ಪು ಅವರದಲ್ಲ.

ಉತ್ತಪ್ಪ ಎಂಬ ಹೆಸರಿನದು ಇನ್ನೂ ಸ್ವಾರಸ್ಯ. 2007ರಲ್ಲಿ ಮೊದಲ ಟಿ20 ವಿಶ್ವಕಪ್ ಗೆದ್ದ ತಂಡದ ರಾಬಿನ್ ಉತ್ತಪ್ಪ ಐಯುಡ ಒಕ್ಕದವರು. ಲಂಡನ್ ಮತ್ತು ರಿಯೊ ಒಲಿಂಪಿಕ್ಸ್‌ಗಳಲ್ಲಿ ಹಾಕಿ ಆಡಿದ ಎಸ್.ಕೆ. ಉತ್ತಪ್ಪ ಸಣ್ಣುವಂಡ ಒಕ್ಕದವರು. ರಾಬಿನ್‌ಗೆ ಉತ್ತಪ್ಪ ಎಂಬುದು ಅಪ್ಪನ ಕಡೆಯಿಂದ ಬಂದ ಹೆಸರು. ಅವರ ತಂದೆ ವೇಣು ಉತ್ತಪ್ಪ. ಹಾಕಿಯ ಉತ್ತಪ್ಪನಿಗೆ ಅದು ತನ್ನದೇ ಹೆಸರು. ತಂದೆ ಕುಶಾಲಪ್ಪ ‘ಕೆ’ ಆಗಿ ನಡುವೆ ಕುಳಿತಿದ್ದಾರೆ. ಸ್ಕೋರ್‌ಬೋರ್ಡಿನ ಮೇಲೆ ಇಬ್ಬರೂ ಉತ್ತಪ್ಪ. ಕ್ರಿಕೆಟಿಗ ರಾಬಿನ್‌ನ ತಂದೆ ಹಾಕಿ ಅಂಪೈರ್ ಆಗಿದ್ದವರು ಎಂಬುದನ್ನೂ ಮರೆಯಬಾರದು. ಶಟಲ್ ಆಡುವ ಅಶ್ವಿನಿಯ ತಂದೆಯೂ ಹಾಕಿ ಆಟಗಾರ. ಹಾಕಿ ಕೋಲು ಒರಗಿಸಿಟ್ಟ ಮನೆಯಲ್ಲೇ ಮುಂದಿನ ಪೀಳಿಗೆ ಬ್ಯಾಟು, ರ‍್ಯಾಕೆಟ್ಟು ಹಿಡಿಯಿತು. ಹಾಗಾಗಿ ಹಾಕಿಯ ಮೈದಾನದಲ್ಲಷ್ಟೇ ಕೇಳುತ್ತಿದ್ದ ಹೆಸರುಗಳು ಬೇರೆ ಆಟಗಳಲ್ಲೂ ಕೇಳತೊಡಗಿದವು.

ಗಣಪತಿಯಂಥ ಹೆಸರಾದರಂತೂ ಊರು, ಜನಾಂಗ ಯಾವುದೂ ಗೊತ್ತಾಗದು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ವರುಣ್ ಠಕ್ಕರ್ ಜೊತೆ ಹಾಯಿದೋಣಿ ನಡೆಸಿದ ಚೆನ್ನೈನ ಕೆ.ಸಿ. ಗಣಪತಿ ಯಾರೆಂದು ನಮ್ಮ ಹುಡುಗರನ್ನು ಕೇಳಿದೆ. ಯಾರಿಗೂ ತಿಳಿದಿರಲಿಲ್ಲ. ಕೇಳಪಂಡ ಚಂಗಪ್ಪ ಗಣಪತಿ ಎಂದು ಬಿಡಿಸಿ ಹೇಳಿದೆ ನೋಡಿ, “ಓ, ನಮ್ಮವರೇ!” ಎಂದು ಕಣ್ಣರಳಿಸಿದರು. ಗುಡ್ಡದ ಮಕ್ಕಳಿಗೆ ಸಮುದ್ರದ ಆಟವೂ ನಮ್ಮದಾಗಬಹುದು ಎನ್ನಿಸಲು ಆ ಎರಡು ಹೆಸರು ಸಾಕಾಯಿತು.

ಇದೆಲ್ಲ ತಲೆಕೆಳಗಾಗುವ ಜಾಗ ಒಂದಿದೆ, ಅದೇ ನಮ್ಮ ಹಾಕಿ ನಮ್ಮೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರುಮಾಡಿದಾಗ 60 ಕುಟುಂಬಗಳು ಆಡಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕಪ್‌ಗೆ ಬಂದ ತಂಡಗಳು 360. ಪ್ರತಿ ವರ್ಷ ಒಂದೊಂದು ಒಕ್ಕ ಹೊಣೆ ಹೊರುತ್ತದೆ, ಕಪ್‌ಗೆ ಆ ಒಕ್ಕದ್ದೇ ಹೆಸರು. ಅಜ್ಜ, ಮೊಮ್ಮಗ, ಸೊಸೆ, ಮಗಳು ಒಂದೇ ತಂಡದಲ್ಲಿ ಆಡುತ್ತಾರೆ. ಇಲ್ಲಿ ಮನೆಹೆಸರು ಹೇಳಿ ಪ್ರಯೋಜನವಿಲ್ಲ, ಹನ್ನೊಂದು ಮಂದಿಯದೂ ಒಂದೇ! ಒಮ್ಮೆ ನನ್ನ ಕೈಗೆ ಬಂದ ಆಟಗಾರರ ಚೀಟಿಯಲ್ಲಿ ಮೂವರು ಬೋಪಣ್ಣ. ಗೋಲು ಹೊಡೆದದ್ದು ಯಾವ ಬೋಪಣ್ಣ ಎಂದು ಮೈಕಿನಲ್ಲೇ ಕೇಳಿದೆ. ಗ್ಯಾಲರಿಯಿಂದ ಅಜ್ಜಿಯೊಬ್ಬರು, “ಬಾಬು ಅಂತ ಹೇಳಿ, ಎಲ್ಲರಿಗೂ ಗೊತ್ತಾಗ್ತದೆ” ಎಂದು ಕೂಗಿದರು. ಒಳಗೆ ಕರೆಯುವ ಹೆಸರು, ಹೊರಗೆ ಒಕ್ಕದ ಹೆಸರು: ಕೊಡಗಿನ ಲೆಕ್ಕ ಇದು. ನಮ್ಮೆ ಶುರುಮಾಡಿದ ಕುಟ್ಟಪ್ಪನವರೂ ಎಲ್ಲರ ಬಾಯಲ್ಲಿ ಕುಟ್ಟಣಿಯೇ ಆಗಿದ್ದರು.

ಅಶ್ವಿನಿ ನಮ್ಮ ಅಜ್ಜಿಯಂದಿರ ಕಾಲದ ಹೆಸರಲ್ಲ. ಕರಾವಳಿ, ಬಯಲುಸೀಮೆ, ಮಲೆನಾಡು ಎಲ್ಲ ಕಡೆಯೂ ಇರುವ ಹೊಸ ಕಾಲದ ಹೆಸರು. ಹೊಸ ಹೆಸರುಗಳು ಹೆಚ್ಚಿದರೆ ಗೊಂದಲ ಕಡಿಮೆಯಾಗುತ್ತದೆ ಎಂದುಕೊಂಡವರಿಗೆ ಮೂವರು ಅಶ್ವಿನಿಯರೇ ಉತ್ತರ. ಹೆಸರು ಹೊಸದಿರಲಿ ಹಳೆಯದಿರಲಿ, ಇನ್ನೊಬ್ಬರಿಗೂ ಇದ್ದೇ ಇರುತ್ತದೆ. ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡಿ ತೋರಿಸುವುದು ಅದರ ಜೊತೆಗಿನ ಮನೆ, ಅಪ್ಪ, ಊರು.

ಶಾಲೆಯ ಕ್ರೀಡಾ ಪ್ರಮಾಣಪತ್ರ ಬರೆಯುವ ಮಾಷ್ಟ್ರುಗಳಿಗೆ, ಪಂದ್ಯದ ವರದಿ ಕಳಿಸುವ ಹುಡುಗರಿಗೆ ನನ್ನದೊಂದು ಕೋರಿಕೆ. ಜಾಗ ಸಾಲದು ಎಂದು ಇನಿಷಿಯಲ್ ಹಾಕಿ ಮುಗಿಸಬೇಡಿ. ಮನೆಹೆಸರನ್ನು ಒಂದು ಸಲವಾದರೂ ಪೂರ್ತಿ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಐವತ್ತು ವರ್ಷ ಕಳೆದು ಆ ಚೀಟಿ ಓದುವವರಿಗೆ, ಪದಕ ಗೆದ್ದ ಪೊನ್ನಪ್ಪ ಯಾವ ಮನೆಯವನೆಂದು ಹೇಳಲು ನೀವೂ ಇರುವುದಿಲ್ಲ, ನಾನೂ ಇರುವುದಿಲ್ಲ.