ಘಟ್ಟದ ಕೊಡಲಿ, ಅಳಿವೆಯ ಹೂಳು

ಬಯಲುಸೀಮೆಯ ಅಂಚಿನಲ್ಲಿ, ಮಳೆಯನ್ನೇ ನೆಚ್ಚಿ ಬಾಳುವ ಎರೆಹೊಲಗಳ ನಡುವೆ ಹುಟ್ಟಿದ ನೀರು ಅಂಕೋಲೆಯ ಕಡಲನ್ನು ಸೇರುತ್ತದೆ. ಧಾರವಾಡದ ಸೋಮೇಶ್ವರದ ಶಾಲ್ಮಲೆಯೂ ಹುಬ್ಬಳ್ಳಿ ಕಡೆಯ ಬೇಡ್ತಿಯೂ ಕಲಘಟಗಿ ಸೀಮೆಯಲ್ಲಿ ಒಂದಾಗಿ, ಮಾಗೋಡಿನಲ್ಲಿ ಧುಮುಕಿ, ಘಟ್ಟದ ಕೆಳಗೆ ಗಂಗಾವಳಿ ಎನಿಸಿಕೊಳ್ಳುತ್ತವೆ. ಬಡಗಲಲ್ಲಿ, ಸೂಪಾ ಸೀಮೆಯ ಡಿಗ್ಗಿಯಿಂದಿಳಿಯುವ ಕಾಳಿಯು ಸದಾಶಿವಗಡದ ಬುಡದಲ್ಲಿ ಸಮುದ್ರ ಕಾಣುತ್ತದೆ. ಮೇಲೆ ನೆಲಕ್ಕೆ ಮಾಡಿದ್ದು ಕೆಳಗೆ ನೀರಿನಲ್ಲಿ ಕಾಣುತ್ತದೆಂಬ ಸತ್ಯವನ್ನು ಹತ್ತೊಂಬತ್ತನೆಯ ಶತಮಾನದ ಆಡಳಿತ ಅರಿತಿತ್ತು. ಆದರೆ ಅದರ ಭಾರವನ್ನು ಬಡವರ ಹೆಗಲಿಗೆ ಹೊರಿಸಿತು.

1799ರಲ್ಲಿ ಟಿಪ್ಪುವಿನ ಪತನದೊಡನೆ ಈ ಕರಾವಳಿಯ ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. 1801ರಲ್ಲಿ ಕಂಪನಿಯ ಪರವಾಗಿ ಸೀಮೆಯನ್ನು ಸಮೀಕ್ಷಿಸುತ್ತಿದ್ದ ಫ್ರಾನ್ಸಿಸ್ ಬುಕಾನನ್ ಅಂಕೋಲೆ, ಸದಾಶಿವಗಡಗಳನ್ನು ಹಾದು ಘಟ್ಟ ಹತ್ತಿದ. ಕೆನರಾದಲ್ಲಿ ಅವನು ದಾಖಲಿಸಿದ ಬೇಸಾಯಗಳಲ್ಲಿ ಕುಮರಿಯೂ ಒಂದು. ಚಳಿಗಾಲದಲ್ಲಿ ಗುಡ್ಡದ ಇಳಿಜಾರನ್ನು ಸವರಿ, ಬಿದ್ದ ಸೊಪ್ಪು ಸೌದೆ ಬಿಸಿಲಿಗೆ ಒಣಗಿದ ಮೇಲೆ ಬೆಂಕಿಯಿಟ್ಟು, ಮೊದಲ ಮಳೆ ಬಿದ್ದೊಡನೆ ಬೂದಿಯ ಮೇಲೆ ರಾಗಿ ಚೆಲ್ಲುತ್ತಿದ್ದರು. ನೇಗಿಲಿಲ್ಲ, ಎತ್ತಿಲ್ಲ. ಒಂದೆರಡು ಬೆಳೆ ತೆಗೆದು ಆ ನೆಲವನ್ನು ವರ್ಷಾನುಗಟ್ಟಲೆ ಕಾಡಿಗೆ ಮರಳಿಸುತ್ತಿದ್ದರು. ಕಾಡು ಮತ್ತೆ ಎದ್ದು ನಿಲ್ಲುವಷ್ಟು ಬಿಡುವು ಸಿಕ್ಕರೆ ಮಣ್ಣೂ ಉಳಿಯುತ್ತಿತ್ತು. ಬಿಡುವು ಕುಗ್ಗಿದಲ್ಲಿ ಆಷಾಢದ ಮಳೆ ಅದನ್ನು ಹೊಳೆಗೆ ಇಳಿಸುತ್ತಿತ್ತು.

1847ರಲ್ಲಿ ಮುಂಬಯಿ ಸರ್ಕಾರದ ಅರಣ್ಯ ಸಂರಕ್ಷಕನಾದ ಅಲೆಕ್ಸಾಂಡರ್ ಗಿಬ್ಸನ್ ವೈದ್ಯನಾಗಿ ಬಂದವನು, ಸಸ್ಯಗಳನ್ನು ಬಲ್ಲವನು. ಕಾಡು ಬೋಳಾದ ಕಡೆ ಒರತೆಗಳು ಬತ್ತುತ್ತವೆ, ಪಡುವಣ ಕರಾವಳಿಯ ಅಳಿವೆಗಳಲ್ಲಿ ಹೂಳು ತುಂಬುತ್ತದೆ ಎಂದು ಆತ ಸರ್ಕಾರಕ್ಕೆ ಎಚ್ಚರಿಸಿದ. ಅದು ದೂರದೃಷ್ಟಿಯ ಮಾತು. ಕೆನರಾವನ್ನು ಆಳುತ್ತಿದ್ದ ಮದ್ರಾಸ್ ಸರ್ಕಾರವೂ 1860ರಲ್ಲಿ, ಅನುಮತಿಯಿಲ್ಲದೆ ಸರ್ಕಾರಿ ಕಾಡಿನಲ್ಲಿ ಕುಮರಿ ಕಡಿಯಬಾರದೆಂದು ವಿಧಿಸಿತು. ಕುಮರಿಯನ್ನೇ ನಂಬಿದ್ದ ಕುಣಬಿ ಸಮುದಾಯದವರ ಅನ್ನಕ್ಕೆ ಅಲ್ಲಿಗೆ ಕುತ್ತು ಬಂತು.

ಸರ್ಕಾರದ ಕೊಡಲಿಗೆ ಮಾತ್ರ ಅಂಥ ಕಟ್ಟಳೆ ಇರಲಿಲ್ಲ. ಕಾಳಿಯ ಕಣಿವೆಯ ಸಾಗುವಾನಿ ಮರಗಳು ಮುಂಬಯಿಯ ಹಡಗುಕಟ್ಟೆಗೆ ಬೇಕಿದ್ದವು. ಉರುಳಿಸಿದ ದಿಮ್ಮಿಗಳನ್ನು ಕಾಳಿಯಲ್ಲೇ ತೇಲಿಬಿಟ್ಟು, ಕದ್ರಾ ದಾಟಿಸಿ, ಅಳಿವೆಯ ಬಳಿಯ ಕೋಡಿಬಾಗದಲ್ಲಿ ರಾಶಿ ಹಾಕುತ್ತಿದ್ದರು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಹೊತ್ತಿಕೊಂಡಿತು. ಧಾರವಾಡದ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಮರುವರ್ಷವೇ ಉತ್ತರ ಕೆನರಾ ಮುಂಬಯಿ ಪ್ರಾಂತಕ್ಕೆ ಸೇರಿತು. ಕಾರವಾರವನ್ನು ಹತ್ತಿಯ ಬಂದರಾಗಿಸುವ ವರ್ತಕರ ಹಂಬಲವೇ ಅದರ ಹಿಂದಿತ್ತು. ಮೇಲೆ ಎರೆಭೂಮಿಯಲ್ಲಿ ಹತ್ತಿ ಹಬ್ಬಿತು, ನಡುವೆ ಘಟ್ಟವನ್ನು ಕಡಿದು ಗಾಡಿದಾರಿಗಳನ್ನು ಮಾಡಿದರು. ನದಿ ಈ ಎಲ್ಲವನ್ನೂ ತನ್ನ ಪಾತ್ರಕ್ಕೆ ತೆಗೆದುಕೊಂಡಿತು.

ಅದರ ಫಲವನ್ನು ದಿನವೂ ಉಂಡವರು ಕೆಳಗೆ ಅಳಿವೆಯಂಚಿನ ಗಜನಿ ಗದ್ದೆಗಳ ರೈತರು. ಉಬ್ಬರದ ಉಪ್ಪುನೀರಿಗೆ ಮಣ್ಣಿನ ಒಡ್ಡು ಕಟ್ಟಿ, ಮಳೆಗಾಲದ ಸಿಹಿನೀರಿನಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆದು, ತೆನೆಯನ್ನಷ್ಟೇ ಕೊಯ್ದು ದಂಟನ್ನು ಮೀನು ಸಿಗಡಿಗಳಿಗೆ ಬಿಡುವುದು ಅವರ ಪದ್ಧತಿ. ಹೊಳೆ ಹದವಾಗಿ ತಂದ ಮೆಕ್ಕಲು ಗಜನಿಗೆ ಗೊಬ್ಬರ; ಹದ ತಪ್ಪಿ ತಂದದ್ದು ಒಡ್ಡಿಗೆ ಆಪತ್ತು, ದೋಣಿದಾರಿಗೆ ತಡೆ.

ಕಾಲ ಬದಲಾದರೂ ಆ ನಿಯಮ ಬದಲಾಗಿಲ್ಲ. 2024ರ ಜುಲೈ 16ರಂದು ಅಂಕೋಲೆ ಸೀಮೆಯ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿದು ಗಂಗಾವಳಿಗೆ ಬಿದ್ದಿತು. ಆಚೆ ದಡದ ಉಳುವರೆ ಹಳ್ಳಿಗೂ ನೀರು ಅಪ್ಪಳಿಸಿತು. ಗಿಬ್ಸನ್ ಕಂಡ ಸತ್ಯ ಅರ್ಧಕ್ಕೇ ನಿಂತಿತ್ತು. ನದಿಯನ್ನು ಉಳಿಸಬೇಕೆನ್ನುವವರು ಕುಮರಿಯವನ ಕತ್ತಿಯ ಜೊತೆಗೆ ಬಂದರಿನ ಆಸೆಯನ್ನೂ ರಸ್ತೆಯ ಅವಸರವನ್ನೂ ಬಯಲಿನ ಬೆಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬಲವುಳ್ಳವನಿಗೆ ವಿನಾಯಿತಿ ಕೊಟ್ಟ ಯಾವ ಕಾನೂನೂ ಹೊಳೆಯ ನೀರನ್ನು ತಿಳಿಯಾಗಿಸದು.