ರೆಮಿಷನ್ ಅಂದ್ರೆ ವಾಸಿ ಅಲ್ಲ: ಒಂದು ಪದದ ಇತಿಹಾಸ

(1/4)
ನಮ್ಮ ಬಿಕಾಂ ಟ್ಯಾಕ್ಸ್ ಪುಸ್ತಕದಲ್ಲಿ 'ರೆಮಿಷನ್' ಅಂದ್ರೆ ಕೊಡಬೇಕಾದ ಬಾಕಿ ಮನ್ನಾ ಆಗೋದು. ಹೋದ ವರ್ಷ ದೊಡ್ಡಮ್ಮನ ಚೀಟಿಯಲ್ಲಿ ಡಾಕ್ಟರು ಅದೇ ಪದ ಬರೆದಿದ್ರು. 'ವಾಸಿ ಆಯ್ತು ಬಿಡು ದೊಡ್ಡಮ್ಮ' ಅಂತ ಹೇಳಿದ್ದು ನಾನೇ. ಮುದ್ದೆ ಕೋಲು ಹಿಡಿಯೋಕಾಗದೆ ಇದ್ದವರು ಶ್ರೀರಾಂಪುರದ ಬಸ್ ಸ್ಟ್ಯಾಂಡ್ ತನಕ ಆರಾಮಾಗಿ ನಡೀತಿದ್ರು. ಮಾತ್ರೆ ಬಿಟ್ರು. ಕೆಲವೇ ತಿಂಗಳಿಗೆ ಬೆರಳ ಗೆಣ್ಣುಗಳು ಮತ್ತೆ ಊದ್ಕೊಂಡ್ವು.

(2/4)
ಇದು ವಯಸ್ಸಾಗಿ ಸವೆಯೋ ಮಂಡಿನೋವಲ್ಲ. ರುಮಟಾಯ್ಡ್ ಆರ್ಥ್ರೈಟಿಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಒಳಪದರದ ಮೇಲೆ ತಿರುಗಿ ಬೀಳುತ್ತೆ. ಒಂದು ಕಾಲಕ್ಕೆ ರೆಮಿಷನ್ ಬಂದ್ರೆ ಅದೃಷ್ಟ, ಅಷ್ಟೇ. 1929ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಡಾಕ್ಟರ್ ಫಿಲಿಪ್ ಹೆಂಚ್‌ಗೆ ಒಬ್ಬ ರೋಗಿ ವಿಚಿತ್ರ ಸುದ್ದಿ ಹೇಳಿದ: ಕಾಮಾಲೆ ಬಂದಾಗ ಕೀಲುನೋವು ಮಾಯವಾಗಿತ್ತಂತೆ! ಬಸುರಿಯರಲ್ಲೂ ಹೀಗೇ ನೋವು ಕಡಿಮೆ ಆಗೋದನ್ನ ಹೆಂಚ್ ಗಮನಿಸಿದ್ರು. ಹಾಗಾದ್ರೆ ದೇಹದಲ್ಲೇ ಏನೋ ಒಂದು ವಸ್ತು ಇದೆ ಅಂತ ಹುಡುಕಾಟ ಶುರು. 1948ರ ಸೆಪ್ಟೆಂಬರ್‌ನಲ್ಲಿ ಹಾಸಿಗೆ ಹಿಡಿದಿದ್ದ 29 ವರ್ಷದ ಹೆಂಗಸಿಗೆ ಕಾರ್ಟಿಸೋನ್ ಕೊಟ್ರು. ಕೆಲವೇ ದಿನಕ್ಕೆ ಎದ್ದು ಓಡಾಡಿದ್ರು. 1950ರಲ್ಲಿ ನೊಬೆಲ್ ಬಂತು. ಆದ್ರೆ ಔಷಧಿ ನಿಲ್ಲಿಸಿದ್ರೆ ನೋವು ವಾಪಸ್, ಮುಂದುವರಿಸಿದ್ರೆ ಮುಖ ಊತ, ಮೂಳೆ ಟೊಳ್ಳು.

(3/4)
ಈಗ ನಮ್ಮ ಪಕ್ಕದ ರಾಜ್ಯದವರ ಕಥೆ. ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲಿ ಲ್ಯಾಬ್‌ನಲ್ಲಿದ್ರು. ಅವರ ತಂಡದ ಕೆಲಸದಿಂದ ಬಂದದ್ದು ಮೆಥೊಟ್ರೆಕ್ಸೇಟ್. ಮೊದಲು ಕ್ಯಾನ್ಸರ್ ಔಷಧಿ. ಅದನ್ನೇ ಸಣ್ಣ ಪ್ರಮಾಣದಲ್ಲಿ, ವಾರಕ್ಕೆ ಒಂದೇ ಸಲ ಕೊಟ್ರೆ ಕೀಲುವಾತ ಹದಕ್ಕೆ ಬರುತ್ತೆ ಅಂತ 1980ರ ದಶಕದ ಪ್ರಯೋಗಗಳು ತೋರಿಸಿದ್ವು. 1988ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ಸುಬ್ಬರಾವ್ ಮಾತ್ರ 1948ರ ಆಗಸ್ಟ್‌ನಲ್ಲೇ ತೀರಿಹೋಗಿದ್ರು. ದೊಡ್ಡಮ್ಮನ ಮಾತ್ರೆ ಇದೇ. (ವಾರಕ್ಕೆ ಒಂದೇ ದಿನ! ಮರೆತು ದಿನಾ ನುಂಗಿದ್ರೆ ಜೀವಕ್ಕೇ ಅಪಾಯ.)

(4/4)
2011ರಲ್ಲಿ ಅಮೆರಿಕ, ಯುರೋಪಿನ ತಜ್ಞರ ಸಂಘಗಳು ರೆಮಿಷನ್‌ಗೆ ಅಳತೆ ಹಾಕಿದ್ವು. ಒತ್ತಿದ್ರೆ ನೋಯೋ ಕೀಲು ಒಂದಕ್ಕಿಂತ ಹೆಚ್ಚಿರಬಾರದು, ಊದಿದ ಕೀಲೂ ಅಷ್ಟೇ. ರಕ್ತದ ಸಿಆರ್‌ಪಿ ಡೆಸಿಲೀಟರ್‌ಗೆ 1 ಮಿಲಿಗ್ರಾಂ ದಾಟಬಾರದು. 'ಹೇಗಿದೀರಾ?' ಅಂದಾಗ ರೋಗಿ ಹತ್ತಕ್ಕೆ ಕೊಡೋ ಅಂಕವೂ 2011ರ ಆ ಅಳತೆ ಪ್ರಕಾರ 1 ದಾಟಬಾರದಿತ್ತು. ನೋಡಿ, ಮಾತ್ರೆ ನಿಲ್ಲಿಸಿರಬೇಕು ಅಂತ ಎಲ್ಲೂ ಇಲ್ಲ. ಮಾತ್ರೆ ತಗೊಳ್ತಾ ಇರುವಾಗಲೇ ರೋಗ ಸುಮ್ಮನಿದ್ರೂ ಅದು ರೆಮಿಷನ್ನೇ. ಡೋಸ್ ಇಳಿಸೋದು ಡಾಕ್ಟರು, ನಿಧಾನಕ್ಕೆ. ಬಿಕಾಂ ಹುಡುಗ ಅಲ್ಲ.

ದೊಡ್ಡಮ್ಮ ಮತ್ತೆ ಶುರು ಮಾಡಿದಾರೆ. ಪ್ರತಿ ಭಾನುವಾರ ಕ್ಯಾಲೆಂಡರ್‌ನಲ್ಲಿ ನಾನೇ ಗುರುತು ಹಾಕ್ತೀನಿ. ಮುದ್ದೆ ಕೋಲು ಇನ್ನೂ ಅತ್ತಿಗೆ ಕೈಲೇ ಇದೆ.