ಕೆಂಪು ನಕ್ಷೆ: ಹಂಗೆರಿ ಮತ್ತು ಟ್ರಿಯಾನಾನ್ ಕೌಲು

ಮೊದಲನೆಯ ಮಹಾಯುದ್ಧದ ತರುವಾಯ ಸೋತ ರಾಷ್ಟ್ರಗಳ ಮೇಲೆ ಹೊರಿಸಿದ ಕೌಲುಗಳ ಮಾತೆತ್ತಿದೊಡನೆ ಶ್ರೋತೃಗಳಿಗೆ ಜರ್ಮನಿಯೂ ವರ್ಸೇಲ್ಸೂ ನೆನಪಾಗುವುದು ಸಹಜ. ಆದರೆ ಒಂದು ಕೌಲು ಇಡೀ ಜನಾಂಗದ ಮನಸ್ಸನ್ನು ಯಾವ ದಾರಿಗೆ ತಿರುಗಿಸಬಲ್ಲುದೆಂಬುದಕ್ಕೆ ಹಂಗೆರಿಯೇ ತಕ್ಕ ನಿದರ್ಶನ.

೧೯೨೦ನೆಯ ಇಸವಿಯ ಜನವರಿಯಲ್ಲಿ ವೃದ್ಧ ಮುತ್ಸದ್ದಿ ಕೌಂಟ್ ಅಪ್ಪೊನ್ಯಿ ಪ್ಯಾರಿಸಿನಲ್ಲಿ ವಿಜೇತರ ಮುಂದೆ ನಿಂತು, ಫ್ರೆಂಚ್, ಇಂಗ್ಲಿಷ್, ಇಟಾಲಿಯನ್ ಭಾಷೆಗಳಲ್ಲಿ ತನ್ನ ದೇಶದ ಪಕ್ಷವನ್ನು ವಾದಿಸಿದನು. ಭೂಗೋಳ ಪಂಡಿತನಾದ ಕೌಂಟ್ ಟೆಲೆಕಿಯು ರಚಿಸಿದ ನಕ್ಷೆಯೊಂದು ಅವನಿಗೆ ಆಧಾರವಾಗಿತ್ತು. ಹಂಗೆರಿಯ ಮಗ್ಯಾರರಿಗೆ ಅದರಲ್ಲಿ ಕೆಂಪು ಬಣ್ಣ. ಚದರ ಮಿಲಿಮೀಟರಿಗೆ ನೂರು ಜನರ ಲೆಕ್ಕ. ಜನವಿರಳವಾದ ಬೆಟ್ಟಗಾಡೆಲ್ಲ ಬರಿಯ ಬಿಳುಪು. ಕೆಂಪೇ ಕಣ್ಣನ್ನು ಸೆಳೆಯುವಂತಿತ್ತೆಂಬುದನ್ನೂ ಹೇಳಬೇಕು. ವಿಜೇತರು ಕೇಳಿದರು, ನೋಡಿದರು, ಗಡಿಯನ್ನು ಬದಲಿಸಲಿಲ್ಲ.

ಜೂನ್ ೪ರಂದು ಟ್ರಿಯಾನಾನ್ ಅರಮನೆಯಲ್ಲಿ ಕೌಲಿಗೆ ರುಜು ಬಿದ್ದಿತು. ಹಳೆಯ ರಾಜ್ಯದ ಮೂರರಲ್ಲಿ ಎರಡು ಪಾಲಿಗೂ ಮಿಗಿಲಾದ ನೆಲ ಕೈಬಿಟ್ಟಿತು. ಉಳಿದ ಪ್ರಜೆಗಳು ಸುಮಾರು ೭೬ ಲಕ್ಷ. ಇಟ್ಟುಕೊಳ್ಳಬಹುದಾದ ಸೈನ್ಯ ೩೫,೦೦೦. ಹೋದ ನೆಲದಲ್ಲಿ ರುಮೇನಿಯನರು, ಸ್ಲೋವಾಕರು, ಸರ್ಬರು, ಕ್ರೋಟರು ಬಹುಮಂದಿ. ಮಗ್ಯಾರರ ಭಾಷೆಯ ಹೇರಿಕೆಯಿಂದ ಬೇಸತ್ತಿದ್ದ ಅವರು ಬೇರೆಯಾದುದನ್ನು ಅನ್ಯಾಯವೆನ್ನಲಾಗದು. ಆದರೆ ಗಡಿ ಅಲ್ಲಿಗೆ ನಿಲ್ಲಲಿಲ್ಲ. ಸತ್ಮಾರ್, ನಾಜ್‌ವಾರಾಡ್, ಅರಾದ್ ಪಟ್ಟಣಗಳಲ್ಲಿ ಮಗ್ಯಾರರೇ ಹೆಚ್ಚಾಗಿದ್ದರೂ, ಅವನ್ನು ಜೋಡಿಸುವ ರೈಲುಮಾರ್ಗ ರುಮೇನಿಯಕ್ಕೆ ಬೇಕಾಗಿದ್ದುದರಿಂದ ಮೂರೂ ಅದರ ಪಾಲಾದುವು. ಹೀಗೆ ಸುಮಾರು ೩೦ ಲಕ್ಷ ಮಗ್ಯಾರರು ಹೊರಗುಳಿದರು. ಜನಾಭಿಪ್ರಾಯವನ್ನು ಕೇಳಿದ್ದು ಸೊಪ್ರೋನ್ ಸೀಮೆಯೊಂದರಲ್ಲಿ, ೧೯೨೧ರ ಡಿಸೆಂಬರಿನಲ್ಲಿ. ಅದು ಹಂಗೆರಿಯಲ್ಲಿಯೇ ಉಳಿಯಿತು.

ಈ ದುಃಖದಲ್ಲಿ ಸತ್ಯಾಂಶವಿದ್ದುದೇ ಮುಂದಿನ ಅನರ್ಥಕ್ಕೆ ಎಡೆಯಾಯಿತು. ೧೯೩೮ರವರೆಗೆ ಸರ್ಕಾರದ ಧ್ವಜಗಳು ಅರ್ಧಕ್ಕಿಳಿದೇ ಇದ್ದುವು. ಶಾಲೆಯ ಮಕ್ಕಳು ದೇಶದ ಪುನರುತ್ಥಾನಕ್ಕಾಗಿ ದಿನವೂ ಪ್ರಾರ್ಥಿಸುತ್ತಿದ್ದರು. ದೊಡ್ಡ ಜಮೀನುದಾರರಿಗೆ ಇದಕ್ಕಿಂತ ಅನುಕೂಲ ಬೇರೇನಿದ್ದೀತು? ಹೊಲವಿಲ್ಲದ ರೈತನ ಕೂಗು ಗಡಿಯ ಕೂಗಿನಲ್ಲಿ ಅಡಗಿಹೋಯಿತು.

ಕಡೆಗೆ ಹಿಟ್ಲರನ ದಯೆಯಿಂದ ೧೯೩೮ರಲ್ಲಿಯೂ ೧೯೪೦ರಲ್ಲಿಯೂ ಕೆಲವು ಸೀಮೆಗಳು ಮರಳಿ ಬಂದುವು. ಎರಡನೆಯ ಸಲ ಪ್ರಧಾನಮಂತ್ರಿಯಾಗಿದ್ದವನು ಕೆಂಪು ನಕ್ಷೆಯ ಟೆಲೆಕಿಯೇ. ಯೆಹೂದ್ಯರನ್ನು ಹತ್ತಿಕ್ಕುವ ಕಾನೂನುಗಳಲ್ಲಿ ಅವನ ಕೈಯೂ ಇದ್ದುದರಿಂದ ಅವನನ್ನು ಸಂತನೆಂದು ಬಣ್ಣಿಸಲಾರೆ. ೧೯೪೦ರ ಡಿಸೆಂಬರಿನಲ್ಲಿ ಅವನ ಸರ್ಕಾರ ಯುಗೊಸ್ಲಾವಿಯದೊಡನೆ ಚಿರಸ್ನೇಹದ ಕೌಲನ್ನು ಮಾಡಿಕೊಂಡಿತು. ನಾಲ್ಕು ತಿಂಗಳು ತುಂಬುವ ಮೊದಲೇ ಜರ್ಮನಿಯು ಅದೇ ದೇಶದ ಮೇಲೆ ಏರಿಹೋಗಲು ಹಂಗೆರಿಯ ನೆರವನ್ನು ಕೇಳಿತು. ನೆಲ ಕೊಡಿಸಿದವನಿಗೆ ಇಲ್ಲವೆನ್ನುವುದು ಹೇಗೆ? ೧೯೪೧ರ ಏಪ್ರಿಲ್ ೩ರಂದು ಟೆಲೆಕಿ ಗುಂಡು ಹಾರಿಸಿಕೊಂಡು ಸತ್ತನು. ಸೈನ್ಯ ಮಾತ್ರ ಗಡಿ ದಾಟಿತು.

ಹಂಗೆರಿ ಮತ್ತೆ ಸೋತಿತು. ೧೯೪೭ರ ಫೆಬ್ರವರಿ ೧೦ರಂದು ಪ್ಯಾರಿಸಿನಲ್ಲಿ ಆದ ಕೌಲು ಟ್ರಿಯಾನಾನಿನ ಗಡಿಯನ್ನೇ ಮರಳಿ ನಿಲ್ಲಿಸಿ, ಬ್ರಾಟಿಸ್ಲಾವ ಪಟ್ಟಣದ ಎದುರಿನ ಇನ್ನೂ ಮೂರು ಹಳ್ಳಿಗಳನ್ನು ಚೆಕೊಸ್ಲೊವಾಕಿಯಕ್ಕೆ ಕೊಡಿಸಿತು.